ಬೂದಿದಿಣ್ಣೆಯ ಚಿಪ್ಪುಗಳು

ಜಾನ್ಸಿ ಪ್ರಸನ್ನನನ್ನು ಮೊದಲ ಸಲ ಬೈದದ್ದು ಒಂದು ಚುಕ್ಕಿಯ ವಿಷಯಕ್ಕೆ.

ಪರಿಚಯವಾಗಿ ಇನ್ನೂ ಹತ್ತು ನಿಮಿಷ ಕಳೆದಿರಲಿಲ್ಲ. ದೇವರಾಜ ಮೊಹಲ್ಲಾದ ಒಂದು ಹಳೇ ಹೆಂಚಿನ ಬಂಗಲೆಯಲ್ಲಿ ಪುರಾತತ್ವದ ಸಣ್ಣ ಸಂಶೋಧನಾ ಕೇಂದ್ರ. ಪ್ರಸನ್ನ ಅಲ್ಲಿ ಚಿತ್ರ ಬರೆಯುವವನು. ಅಗೆದಾಗ ಸಿಕ್ಕ ಮಡಕೆ ಚೂರು, ಕಲ್ಲಿನ ಕೊಡಲಿ, ಮೂಳೆ, ಚಿಪ್ಪು, ಏನೇ ಬರಲಿ, ಅಳತೆ ಹಿಡಿದು ಕಪ್ಪು ಮಸಿಯಲ್ಲಿ ಬರೆದುಕೊಡಬೇಕು. ಫೋಟೋ ತೆಗೆದರೆ ಸಾಲದೇ ಅಂತ ಹೊಸಬರೆಲ್ಲ ಕೇಳುತ್ತಾರೆ. ಬೆಳ್ಳಗಿರುವ ಚಿಪ್ಪಿನ ಫೋಟೋ ತೆಗೆದು ನೋಡಿ, ಅಂಚು ಯಾವುದು ಬೆಳಕು ಯಾವುದು ಗೊತ್ತಾಗಲ್ಲ ಅಂತ ಇವನು ಸಮಾಧಾನವಾಗಿ ಉತ್ತರ ಹೇಳುತ್ತಿದ್ದ. ಹನ್ನೊಂದು ವರ್ಷದ ಸರ್ವಿಸ್‌ನಲ್ಲಿ ಅವನ ಗೆರೆಯಲ್ಲಿ ಯಾರೂ ತಪ್ಪು ಹುಡುಕಿರಲಿಲ್ಲ.

ಜಾನ್ಸಿ ಹುಡುಕಿದಳು. ಹಾಳೆಯ ಮೇಲೆ ಬಗ್ಗಿ, ಲೆನ್ಸ್ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು.

"ಇಲ್ಲೊಂದು ಚುಕ್ಕಿ ಜಾಸ್ತಿ ಇದೆ."

"ಅದು ನೆರಳು ಮೇಡಂ."

"ಚಿಪ್ಪಲ್ಲಿ ಅಲ್ಲಿ ನೆರಳಿಲ್ಲ. ಚೆನ್ನಾಗಿ ಕಾಣ್ಲಿ ಅಂತ ನೀವು ಹಾಕಿದೀರಿ."

ನಿಜವೇ. ಪ್ರಸನ್ನ ಬ್ಲೇಡಿನ ತುದಿಯಿಂದ ಆ ಚುಕ್ಕಿಯನ್ನು ಕೆರೆದು ತೆಗೆದ. ಅವಮಾನ ಆಗಬೇಕಿತ್ತು, ಆಗಲಿಲ್ಲ. ಬದಲಿಗೆ, ಈಕೆ ನಾಳೆಯೂ ಬಂದು ಬೈದರೆ ಚೆನ್ನಾಗಿರುತ್ತೆ ಅನ್ನಿಸಿತು. ಮೂವತ್ತಮೂರನೇ ವಯಸ್ಸಿನಲ್ಲಿ ಮನುಷ್ಯನಿಗೆ ಹೀಗೆಲ್ಲ ಅನ್ನಿಸಬಾರದು, ಆದರೆ ಅನ್ನಿಸಿತು, ಏನು ಮಾಡೋಣ.

ಜಾನ್ಸಿ ರೈಲ್ವೆ ವರ್ಕ್‌ಶಾಪಿನಿಂದ ರಿಟೈರ್ ಆಗಿ ಈಗ ಚರ್ಚಿನ ಹಾಡಿನ ತಂಡಕ್ಕೆ ಕೀಬೋರ್ಡ್ ನುಡಿಸುತ್ತಿದ್ದ ಸೂಸೈರಾಜ್ ಅವರ ಮಗಳು. ವಯಸ್ಸು ಮೂವತ್ತೊಂದು. ನಕ್ಕರೆ ಯಾರೋ ದಂಡ ಹಾಕುತ್ತಾರೆ ಅನ್ನುವ ಹಾಗೆ ಇರುತ್ತಿದ್ದಳು. ಅವಳ ಪಿಎಚ್‌ಡಿ ವಿಷಯ ಹಳೇ ಚಿಪ್ಪುಗಳು. ಕಪಿಲಾ ನದಿಯಿಂದ ಎರಡು ಮೈಲಿ ಒಳಗೆ ಬೂದಿದಿಣ್ಣೆ ಅಂತ ಒಂದು ಜಾಗವಿದೆ, ಮೂರೂವರೆ ಸಾವಿರ ವರ್ಷದ ಹಿಂದೆ ಅಲ್ಲಿ ಜನ ಇದ್ದರು, ಇದ್ದಕ್ಕಿದ್ದ ಹಾಗೆ ಬಿಟ್ಟು ಹೋದರು. ಯಾಕೆ ಹೋದರು ಅನ್ನುವುದನ್ನು ಅಲ್ಲಿ ಸಿಗುವ ಬಸವನಹುಳುವಿನ ಚಿಪ್ಪಿನಿಂದ ಕಂಡುಹಿಡಿಯಬೇಕು. ಹುಳು ಬೆಳೆದಂತೆ ಚಿಪ್ಪು ಪದರ ಪದರವಾಗಿ ಬೆಳೆಯುತ್ತೆ, ಆ ವರ್ಷ ನೀರು ಎಷ್ಟಿತ್ತು, ಮಳೆ ಹೇಗಿತ್ತು ಎಲ್ಲ ಪದರದಲ್ಲಿ ಕೂತಿರುತ್ತೆ ಅಂತ ಅವಳು ಮೊದಲ ವಾರವೇ ಅವನಿಗೆ ವಿವರಿಸಿದಳು. ಪ್ರಸನ್ನ ಅರ್ಧ ಚಿಪ್ಪನ್ನೂ ಅರ್ಧ ಅವಳನ್ನೂ ನೋಡುತ್ತ ಕೇಳಿಸಿಕೊಂಡ.

ಚುಕ್ಕಿಯ ಜಗಳವಾದ ಮಾರನೇ ದಿನ ಅವನೊಂದು ಚೇಷ್ಟೆ ಮಾಡಿದ. ಖಾಲಿ ಹಾಳೆಯ ಮೇಲೆ ಒಂದೇ ಒಂದು ಚುಕ್ಕಿ ಇಟ್ಟು, ಇದು ಸರಿಯಾದ ಜಾಗದಲ್ಲಿದೆಯಾ ಮೇಡಂ ಅಂತ ಅವಳ ಮೇಜಿಗೆ ಕೊಂಡೊಯ್ದ. ಅವಳು ಲೆನ್ಸ್ ತೆಗೆದು ಪೂರ್ತಿ ಒಂದು ನಿಮಿಷ ನೋಡಿದಳು. "ಸ್ವಲ್ಪ ಎಡಕ್ಕೆ ಬರ್ಬೇಕಿತ್ತು" ಅಂದಳು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಅವನು ತಿರುಗಿ ಬರುವಾಗ ಬೀರುವಿನ ಗಾಜಿನಲ್ಲಿ ಕಂಡಳು. ಕೆಳತುಟಿ ಕಚ್ಚಿಕೊಂಡು ಹಾಳೆಯನ್ನು ಮಡಚಿ ತನ್ನ ಡೈರಿಯೊಳಗೆ ಇಡುತ್ತಿದ್ದಳು.

ಅಲ್ಲಿಂದ ಒಂದೂವರೆ ವರ್ಷ ಹೀಗೇ ನಡೆಯಿತು. ಹನ್ನೊಂದು ಗಂಟೆಗೆ ಅವಳು ತರುವ ಬೆಣ್ಣೆ ಬನ್ನಿನಲ್ಲಿ ಅರ್ಧ ಇವನ ಮೇಜಿಗೆ ಬಂದು ಕೂರುತ್ತಿತ್ತು, ಯಾಕೆ ಏನು ಅಂತ ಇಬ್ಬರೂ ಮಾತಾಡುತ್ತಿರಲಿಲ್ಲ. ಕನ್ನಡಕದ ಮೇಲಿನಿಂದ ಒಂದು ನೋಟ ನೋಡುತ್ತಿದ್ದಳು. ಆ ನೋಟಕ್ಕೆ ಇವನು ಗೆರೆ ತಪ್ಪುತ್ತಿದ್ದ, ತಪ್ಪಿದ್ದನ್ನು ಅವಳೇ ಬಂದು ತೋರಿಸುತ್ತಿದ್ದಳು. ಪ್ರೀತಿ ಅಂತ ಹೆಸರಿಡಲು ಇಬ್ಬರಿಗೂ ಧೈರ್ಯವಿರಲಿಲ್ಲ. ಪ್ರಸನ್ನನಿಗಂತೂ ರಾತ್ರಿ ಹಾಸಿಗೆಗೆ ಬಿದ್ದರೆ ಬೇರೆ ಯೋಚನೆಯೇ ಬರುತ್ತಿರಲಿಲ್ಲ.

ಆಮೇಲೆ ಬೂದಿದಿಣ್ಣೆಯ ದೊಡ್ಡ ಡಬ್ಬಿ ಬಂತು.

ಜಾನ್ಸಿ ಆಗ ಅಗೆತದ ಜಾಗದಲ್ಲೇ ಟೆಂಟ್ ಹಾಕಿಕೊಂಡಿದ್ದಳು. ಅವಳ ಗೈಡ್ ರಾಮಸ್ವಾಮಿಯವರು ಪ್ರಸನ್ನನನ್ನು ಕರೆದು, ಈ ಇನ್ನೂರ ಹದಿನಾಲ್ಕು ಚಿಪ್ಪು ಮೂರು ವಾರದಲ್ಲಿ ವಿದೇಶದ ಲ್ಯಾಬಿಗೆ ಹೋಗಬೇಕು, ಅಷ್ಟರೊಳಗೆ ತೊಳೆದು ಒಂದೊಂದನ್ನೂ ಬರೆದಿಡು ಅಂದರು. ಜಾನ್ಸಿ ನೋಡಿದ್ದು ಮಣ್ಣು ಮೆತ್ತಿದ್ದ ಚಿಪ್ಪು. ತೊಳೆದ ಚಿಪ್ಪನ್ನು ನೋಡಿದವನು ಪ್ರಸನ್ನ ಒಬ್ಬನೇ.

ಮೊದಲನೇದನ್ನು ಬ್ರಷ್‌ನಲ್ಲಿ ತಿಕ್ಕಿ ಬೆಳಕಿಗೆ ಹಿಡಿದ. ಸುರುಳಿಯ ಮೊನೆಯ ತುದಿ ಮುರಿದಿತ್ತು. ಎರಡನೇದು, ಅದೂ ಅದೇ ಜಾಗದಲ್ಲಿ. ಹತ್ತನೇದರ ಹೊತ್ತಿಗೆ ಅವನು ಬ್ರಷ್ ಕೆಳಗಿಟ್ಟು ಹತ್ತನ್ನೂ ಸಾಲಾಗಿ ಜೋಡಿಸಿದ. ಎಲ್ಲದರ ತುದಿಯೂ ಎರಡನೇ ಸುತ್ತಿನ ಮೇಲೆ, ಒಂದೇ ಏಟಿಗೆ, ಚೂಪಾಗಿ ಮುರಿದಿತ್ತು. ಯಾರು ಮುರಿದದ್ದು, ಯಾಕೆ ಮುರಿದದ್ದು ಅಂತ ಅವನಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ.

ನಂಜನಗೂಡಿನ ಕಡೆಯ ಊರಲ್ಲಿ ಅವನ ತಾಯಿ ಸಿದ್ದಲಿಂಗಮ್ಮ ಮಳೆ ಹಿಡಿದ ಮೇಲೆ ಕೆರೆ ಅಂಚಿಗೆ ಹೋಗಿ ಮಡಿಲು ತುಂಬ ಬಸವನಹುಳು ಆರಿಸಿ ತರುತ್ತಿದ್ದಳು. ಬೇಯಿಸಿ, ಮಚ್ಚಿನ ಹಿಂಬದಿಯಿಂದ ತುದಿಗೆ ಒಂದೇ ಏಟು ಹಾಕುತ್ತಿದ್ದಳು. ತುದಿಯಲ್ಲಿ ಗಾಳಿ ಆಡಿದರೆ ಚಿಪ್ಪಿನ ಬಾಯಿ ಕಡೆಯಿಂದ ಹೀರಿ ಎಳೆದಾಗ ಹುಳು ಸಲೀಸಾಗಿ ಬರುತ್ತೆ. ಪ್ರಸನ್ನನಿಗೆ ಹನ್ನೊಂದು ವರ್ಷವಾದಾಗ ಅಪ್ಪ ಮಂಟಯ್ಯ ಎಲ್ಲರನ್ನೂ ಮೈಸೂರಿಗೆ ಕರೆತಂದು ವಿದ್ಯಾರಣ್ಯಪುರಂನಲ್ಲಿ ಮನೆ ಮಾಡಿದ. ಆ ವರ್ಷದ ಮಳೆಗಾಲದಲ್ಲಿ ಸ್ಕೂಲಿನ ಯಾರೋ ಇವರ ಹಿತ್ತಲಲ್ಲಿ ಬಿದ್ದ ಚಿಪ್ಪು ಕಂಡರು. ಮಾರನೇ ದಿನದಿಂದ ಊಟದ ಹೊತ್ತಿಗೆ ಇವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ವರ್ಷಪೂರ್ತಿ ಒಬ್ಬನೇ ಕೂತು ಉಂಡ. ಸಿದ್ದಲಿಂಗಮ್ಮ ಆಮೇಲೆ ಮನೆಗೆ ಹುಳು ತರಲಿಲ್ಲ. ಅಪ್ಪ ತೀರಿಕೊಂಡ ಮೇಲೂ ಮನೆಯಲ್ಲಿ ಆ ಮಾತು ಎದ್ದಿರಲಿಲ್ಲ.

ಈಗ ಅದೇ ಚಿಪ್ಪು ಮೇಜಿನ ಮೇಲಿತ್ತು. ಚಿತ್ರದಲ್ಲಿ ಚೂಪು ಮುರಿತಕ್ಕೆ ಒಂದು ಗಟ್ಟಿ ಗೆರೆ ಎಳೆಯಬೇಕು. ನೀರಿನಲ್ಲಿ ಉರುಳಿ ಸವೆದ ಅಂಚಿಗೆ ಬಿಡಿ ಬಿಡಿ ಚುಕ್ಕಿ ಇಡಬೇಕು. ಗಟ್ಟಿ ಗೆರೆ ಎಳೆದರೆ ಜಾನ್ಸಿ ಇದೇನು ಅಂತ ಕೇಳುತ್ತಾಳೆ. ಹೇಳಬೇಕಾಗುತ್ತೆ. ನಿಮಗೆ ಹೇಗೆ ಗೊತ್ತು ಅನ್ನುತ್ತಾಳೆ. ಪ್ರಸನ್ನ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತ. ಆಮೇಲೆ ಚುಕ್ಕಿ ಇಟ್ಟ. ಇನ್ನೂರ ಹದಿನಾಲ್ಕಕ್ಕೂ ಚುಕ್ಕಿಯೇ ಇಟ್ಟ.

ತಿರುಗಿ ಬಂದ ಜಾನ್ಸಿ ಚಿತ್ರಗಳನ್ನು ಒಂದು ದಿನವಿಡೀ ನೋಡಿದಳು. ಡಬ್ಬಿ ಆಗಲೇ ವಿಮಾನ ಹತ್ತಿತ್ತು. ಸಂಜೆ ಅವನ ಮೇಜಿನ ಹತ್ತಿರ ಬಂದಾಗ ಅವಳ ಕೆನ್ನೆ ಕೆಂಪಾಗಿತ್ತು. ಎಲ್ಲವೂ ಸವೆದಿವೆ, ಅಂದರೆ ಪ್ರವಾಹ ಬಂದಿದೆ, ನದಿ ಎರಡು ಮೈಲಿ ಒಳಗೆ ನುಗ್ಗಿ ಚಿಪ್ಪನ್ನು ಉರುಳಿಸಿ ತಂದು ಹಾಕಿದೆ, ಜನ ಅದಕ್ಕೇ ಊರು ಬಿಟ್ಟಿದ್ದಾರೆ ಅಂತ ಒಂದೇ ಉಸಿರಿಗೆ ಹೇಳಿದಳು. ಅಷ್ಟು ಖುಷಿಯಾಗಿ ಅವಳನ್ನು ಅವನು ಯಾವತ್ತೂ ನೋಡಿರಲಿಲ್ಲ. ನಿಮಗೇನನ್ನಿಸುತ್ತೆ ಅಂತ ಕೇಳಿದಳು.

"ಇರ್ಬೋದು" ಅಂದ ಪ್ರಸನ್ನ.

ನಾಲ್ಕು ತಿಂಗಳು ಅವಳು ಪ್ರವಾಹದ ಅಧ್ಯಾಯ ಬರೆದಳು. ನಡುವೆ ಲ್ಯಾಬಿನಿಂದ ಒಂದು ರಿಪೋರ್ಟ್ ಬಂತು. ಈ ಹುಳುಗಳು ನಿಂತ ನೀರಿನಲ್ಲಿ ಬೆಳೆದವು ಅಂತ ಅದರಲ್ಲಿತ್ತು. ನಿಂತ ನೀರಿನ ಹುಳು ಹರಿಯುವ ನೀರಿಗೆ ಹೇಗೆ ಬಂತು ಅಂತ ಅವಳು ಎರಡು ದಿನ ತಲೆ ಕೆಡಿಸಿಕೊಂಡಳು. ಕೊನೆಗೆ ಚಿತ್ರಗಳನ್ನು ಮತ್ತೆ ಮುಂದಿಟ್ಟುಕೊಂಡು, ಪ್ರವಾಹವೇ ಯಾವುದೋ ಕೊಳವನ್ನು ಕೊಚ್ಚಿ ತಂದಿರಬೇಕು ಅಂತ ಬರೆದಳು. ಅವಳಿಗೆ ಲ್ಯಾಬಿಗಿಂತ ಅವನ ಗೆರೆಯ ಮೇಲೆ ನಂಬಿಕೆ. ಇದನ್ನು ಅವಳೇ ಹೇಳಿದಾಗ ಪ್ರಸನ್ನ ಕೈಯಲ್ಲಿದ್ದ ಬನ್ನನ್ನು ಕಾಗದದ ಮೇಲೆ ವಾಪಸ್ ಇಟ್ಟ.

ಥೀಸಿಸ್ ಕೊಡುವುದಕ್ಕೆ ಏಪ್ರಿಲ್ ಮೂವತ್ತು ಕಡೇ ದಿನ. ಡಬ್ಬಿ ವಾಪಸ್ ಬರುವುದು ಜೂನ್‌ನಲ್ಲಿ. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಅದೇ ಚಿಪ್ಪುಗಳನ್ನು ಮೇಜಿನ ಮೇಲೆ ಸುರಿಯುತ್ತಾರೆ. ಕಣ್ಣಿದ್ದವರು ಯಾರಾದರೂ ಒಂದನ್ನು ಎತ್ತಿ ನೋಡಿದರೆ ಅವಳ ಪ್ರವಾಹ ಅಲ್ಲೇ ಇಂಗಿಹೋಗುತ್ತೆ. ಎಲ್ಲರ ಎದುರಿಗೆ ತಲೆ ತಗ್ಗಿಸಿ ನಿಲ್ಲುವವಳು ಜಾನ್ಸಿ. ಈಗಲೇ ಹೇಳಿದರೆ ತಗ್ಗಿಸುವವನು ತಾನು, ಕಳೆದುಕೊಳ್ಳುವವನೂ ತಾನೇ. ಇಷ್ಟು ಲೆಕ್ಕ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬರಲಿಲ್ಲ.

ಏಪ್ರಿಲ್ ಇಪ್ಪತ್ತರಂದು ಅವಳು ಅರ್ಧ ಬನ್ನು ಇಟ್ಟು ಹೋಗುವವಳು ನಿಂತಳು. ಥೀಸಿಸ್ ಕೊಟ್ಟ ಮಾರನೇ ದಿನ ನಿಮ್ಮ ಹತ್ತಿರ ಒಂದು ವಿಷಯ ಮಾತಾಡಬೇಕು, ಅಲ್ಲಿಯವರೆಗೂ ಕೇಳಬೇಡಿ ಅಂದಳು. ಹೇಳುವಾಗ ಅವನ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದಳು. ಏನು ವಿಷಯ ಅಂತ ಕುರುಡನಿಗೂ ಗೊತ್ತಾಗುತ್ತಿತ್ತು.

ಅವಳು ಆ ಮಾತಾಡುವುದು ಯಾರ ಹತ್ತಿರ? ಚುಕ್ಕಿ ಇಟ್ಟವನ ಹತ್ತಿರ. ಪ್ರಸನ್ನನಿಗೆ ಅವತ್ತು ತನ್ನ ಮೇಲೇ ಹೇಸಿಗೆಯಾಯಿತು.

ಮಾರನೇ ದಿನ ಬೇಗ ಬಂದು, ನೆನಪಿನಿಂದಲೇ ಒಂದು ಚಿಪ್ಪು ಬರೆದ. ತುದಿಗೆ ಗಟ್ಟಿ ಗೆರೆ ಎಳೆದ. ಅವಳು ಬಂದ ಕೂಡಲೇ ಅದನ್ನು ಅವಳ ಮುಂದೆ ಇಟ್ಟ.

ಅವಳು ಲೆನ್ಸ್ ತೆಗೆದಳು. "ಇದು ಯಾವ ನಂಬರ್?"

"ಎಲ್ಲಾ ನಂಬರೂ."

ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳು ಕೇಳಿದ್ದೆಲ್ಲ ಲ್ಯಾಬಿನ ಪ್ರಶ್ನೆಗಳೇ. ಎಲ್ಲವೂ ಒಂದೇ ಸುತ್ತಿನಲ್ಲಾ, ಮುರಿತ ಒಳಕ್ಕಾ ಹೊರಕ್ಕಾ, ಸವೆತ ಒಂದರಲ್ಲೂ ಇಲ್ಲವಾ. ಅವನು ಉತ್ತರ ಕೊಟ್ಟ. ಕೊನೆಗೆ ಯಾಕೆ ಅಂತ ಕೇಳಿದಳು. ಅವನು ಕೆರೆ, ಅಮ್ಮ, ಮಚ್ಚು, ಹಿತ್ತಲು, ಬೆಂಚು, ಎಲ್ಲ ಹೇಳಿದ. ಹೇಳುವಾಗ ಗೋಡೆ ನೋಡುತ್ತಿದ್ದ.

ಜಾನ್ಸಿ ಲೆನ್ಸನ್ನು ಮಡಚಿ ಬ್ಯಾಗಿಗೆ ಹಾಕಿದಳು.

"ಅಂದ್ರೆ ನಾನೂ ಆ ಬೆಂಚಿನಿಂದ ಎದ್ದು ಹೋಗೋಳು ಅಂತ ಅಂದ್ಕೊಂಡ್ರಿ."

"ಹೆದರಿಕೆ ಆಯ್ತು."

"ನನ್ನ ನೋಡಿ ಒಂದೂವರೆ ವರ್ಷ ಆಗಿತ್ತು ಪ್ರಸನ್ನ."

ಅಷ್ಟು ಹೇಳಿ ಎದ್ದು ಹೋದಳು. ಅವನು ಚಿತ್ರದ ಕೋಣೆಯ ಬಾಗಿಲು ಹಾಕಿಕೊಂಡು ಅತ್ತ. ನಲ್ಲಿಯಲ್ಲಿ ಮುಖ ತೊಳೆದು ಮತ್ತೆ ಕೆಲಸಕ್ಕೆ ಕೂತ.

ಅವಳು ಅವತ್ತೇ ರಾಮಸ್ವಾಮಿಯವರಿಗೆ ಅಧ್ಯಾಯ ವಾಪಸ್ ತೆಗೆದುಕೊಳ್ಳುತ್ತೇನೆ, ಆರು ತಿಂಗಳು ಗಡುವು ಬೇಕು ಅಂತ ಬರೆದುಕೊಟ್ಟಳು. ತಪ್ಪು ಯಾರದು ಅಂತ ಅವರು ಕೇಳಿದ್ದಕ್ಕೆ, ಚಿತ್ರ ತಪ್ಪು, ತೊಳೆದ ಚಿಪ್ಪನ್ನು ಕಣ್ಣಾರೆ ನೋಡದೆ ಬರೆದದ್ದು ನನ್ನ ತಪ್ಪು ಅಂದಳಂತೆ. ಪ್ರಸನ್ನ ತಾನಾಗೇ ಒಳಗೆ ಹೋಗಿ ಮಿಕ್ಕಿದ್ದನ್ನು ಹೇಳಿದ. ರಾಮಸ್ವಾಮಿಯವರು ಸಿಟ್ಟಿನ ಮನುಷ್ಯ, ಅವತ್ತು ಮಾತ್ರ ಕೂಗಾಡಲಿಲ್ಲ. ಒಂದು ಮೆಮೊ ಕೊಟ್ಟು, ಡಬ್ಬಿ ಬಂದ ಮೇಲೆ ಇನ್ನೂರ ಹದಿನಾಲ್ಕನ್ನೂ ಮತ್ತೆ ಬರಿ ಅಂದರು.

ಬನ್ನು ನಿಂತಿತು. ಕನ್ನಡಕದ ಮೇಲಿನ ನೋಟವೂ ನಿಂತಿತು. ಎದುರು ಸಿಕ್ಕರೆ ಜಾನ್ಸಿ ಗುಡ್ ಮಾರ್ನಿಂಗ್ ಹೇಳುತ್ತಿದ್ದಳು, ಅದು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತಿತ್ತು. ಹೀಗೆ ಏಳು ವಾರ ಕಳೆಯಿತು.

ಜೂನ್ ಎರಡನೇ ವಾರ ಡಬ್ಬಿ ಬಂತು. ಅವಳು ಒಬ್ಬಳೇ ಕೂತು ತೆರೆದಳು. ಮೂರು ದಿನ ಲೆನ್ಸ್ ಹಿಡಿದು ಒಂದೊಂದನ್ನೂ ನೋಡಿದಳು. ಶುಕ್ರವಾರ ಸಂಜೆ ಚಿತ್ರದ ಕೋಣೆಯ ಬಾಗಿಲಲ್ಲಿ ನಿಂತು, ಭಾನುವಾರ ಪೂಜೆ ಮುಗಿಸಿಕೊಂಡು ಚರ್ಚಿನಿಂದ ನೇರ ನಿಮ್ಮ ಮನೆಗೆ ಬರುತ್ತೇನೆ, ನಿಮ್ಮ ತಾಯಿಯನ್ನು ಕೇಳುವುದಿದೆ ಅಂದಳು. ಥೀಸಿಸ್ ಕೆಲಸಕ್ಕೆ ಅಂತ ಒತ್ತಿ ಹೇಳಿ ಹೋದಳು.

ಪ್ರಸನ್ನ ಅವತ್ತು ತಾಯಿಯ ಮುಂದೆ ಕೂತು ವಿಷಯ ಹೇಳುವಾಗ ಮತ್ತೆ ಹನ್ನೊಂದು ವರ್ಷದವನಾದ. ಸಿದ್ದಲಿಂಗಮ್ಮ ಬೆಳ್ಳುಳ್ಳಿ ಬಿಡಿಸುತ್ತ ಕೇಳಿದಳು.

"ನಾಚ್ಕೆಗೆ ಬುಟ್ಟೆ ಅಂದ್ಕಂಡಿದ್ದಾ? ನಂಗ್ಯಾವ ನಾಚ್ಕೆ ಕಣಪ್ಪ. ನೀನು ದಿನಾ ಅತ್ಕಂಡು ಬತ್ತಿದ್ದಲ್ಲ, ಅದ್ಕೆ ಬುಟ್ಟೆ."

ಇಪ್ಪತ್ನಾಲ್ಕು ವರ್ಷದ ಮೇಲೆ ಅವನಿಗೆ ಇದು ಗೊತ್ತಾಯಿತು. ಸಿದ್ದಲಿಂಗಮ್ಮ ಆಗಲೇ ಊರಿಗೆ ಫೋನ್ ಹಚ್ಚಿ, ಅವನ ಚಿಕ್ಕಪ್ಪ ಚಾಮಯ್ಯನಿಗೆ ಭಾನುವಾರ ಬೆಳಗಿನ ಬಸ್ಸಿಗೆ ಒಂದು ಬಕೆಟ್ ಹುಳ ತತ್ತಾ ಅಂತ ಹೇಳುತ್ತಿದ್ದಳು.

ಭಾನುವಾರ ಜಾನ್ಸಿ ಬಿಳೀ ಚೂಡಿದಾರದಲ್ಲಿ ಬಂದಳು. ಹಾಲ್‌ನ ಬುದ್ಧನ ಫೋಟೋಗೆ ಕೈ ಮುಗಿದು ನೇರ ಅಡುಗೆಮನೆಗೆ ಹೋಗಿ, ನೆಲದ ಮೇಲೆ ಕೂತು ನೋಟ್‌ಬುಕ್ ತೆಗೆದಳು. ಹುಳುವನ್ನು ಎಷ್ಟು ಹೊತ್ತು ನೆನೆಸುತ್ತೀರಿ, ಒಬ್ಬರಿಗೆ ಎಷ್ಟು ಬೇಕು, ಯಾವ ತಿಂಗಳು ಸಿಗಲ್ಲ ಅಂತ ಒಂದೊಂದಾಗಿ ಕೇಳಿದಳು. ಸಿದ್ದಲಿಂಗಮ್ಮನಿಗೆ ಮೊದಲು ಗಾಬರಿ, ಆಮೇಲೆ ಹುರುಪು ಬಂತು. ಹರಿಯೋ ನೀರಲ್ಲಿ ಈ ಹುಳ ಬರಾಕಿಲ್ಲ, ಬೇಸಿಗೇಲೂ ನೀರು ನಿಲ್ಲೋ ಕೆರೇಲೇ ಇರ್ತದೆ, ನೀರು ಬತ್ತೋದ್ರೆ ಹುಳಾನೂ ಹೋಯ್ತು, ಹುಳ ತಿನ್ನೋರೂ ಹೋದ್ರು ಅಂತ ಹೇಳಿದಳು. ಜಾನ್ಸಿಯ ಪೆನ್ನು ನಿಂತಿತು. ಬೂದಿದಿಣ್ಣೆಯವರು ಯಾಕೆ ಊರು ಬಿಟ್ಟರು ಅನ್ನುವ ಪ್ರಶ್ನೆಗೆ ಹುಡುಕಲು ಒಂದು ದಾರಿ ಒಲೆ ಮುಂದೆ ಸಿಕ್ಕಿತ್ತು.

ಸಿದ್ದಲಿಂಗಮ್ಮ ಮಚ್ಚಿನ ಹಿಂಬದಿಯಿಂದ ಒಂದು ಏಟು ಹಾಕಿದಳು. ಜಾನ್ಸಿ ಬೆಂಕಿಪೊಟ್ಟಣದಲ್ಲಿ ಹತ್ತಿ ಇಟ್ಟು ತಂದಿದ್ದ ಹಳೇ ಚಿಪ್ಪನ್ನು ಅದರ ಪಕ್ಕ ಇಟ್ಟಳು. ಎರಡನೇ ಸುತ್ತು, ಅದೇ ಮುರಿತ.

"ಇದು ಯಾವತ್ತಿಂದು ಅಂದೆವ್ವ?"

"ಮೂರೂವರೆ ಸಾವ್ರ ವರ್ಷದ್ದು ಅಮ್ಮ."

ಸಿದ್ದಲಿಂಗಮ್ಮ ಅದನ್ನು ಅಂಗೈಯಲ್ಲಿಟ್ಟು ತುಂಬಾ ಹೊತ್ತು ನೋಡಿದಳು. "ನಮ್ಮಂಗೇ ವೊಡ್ದವ್ರೆ" ಅಂದಳು.

ಊಟಕ್ಕೆ ಮೂವರೂ ಕೂತರು. ಜಾನ್ಸಿ ಒಂದು ಚಿಪ್ಪು ಎತ್ತಿ ಬಾಯಿಗಿಟ್ಟು ಎಳೆದಳು, ಬರಲಿಲ್ಲ. ಇನ್ನೊಮ್ಮೆ ಎಳೆದಳು, ಸಾರು ಮೂಗಿಗೆ ಹತ್ತಿ ಕೆಮ್ಮಿದಳು. ಕಣ್ಣಲ್ಲಿ ನೀರು ತುಂಬಿಕೊಂಡು ಪ್ರಸನ್ನನ ಕಡೆ ನೋಡಿದಳು. ಏಳು ವಾರದಲ್ಲಿ ಮೊದಲ ಸಲ ಕನ್ನಡಕದ ಮೇಲಿನಿಂದ ನೋಡಿದಳು.

ಅವನ ತಟ್ಟೆಯಲ್ಲಿ ಬರೀ ಅನ್ನವಿತ್ತು. ಸಿದ್ದಲಿಂಗಮ್ಮ ಅವನಿಗೆ ಬಡಿಸಿರಲಿಲ್ಲ, ಕೇಳಿಯೂ ಇರಲಿಲ್ಲ. ಪ್ರಸನ್ನ ಪಾತ್ರೆಗೆ ಕೈ ಹಾಕಿ ಒಂದು ಚಿಪ್ಪು ತೆಗೆದ. ಅವಳು ನೋಡುತ್ತಿದ್ದ ಹಾಗೇ ಮೊದಲು ತುದಿಗೆ ಬಾಯಿಟ್ಟು ಸ್ವಲ್ಪ ಊದಿ, ತಿರುಗಿಸಿ, ಸೊರ್ ಅಂತ ಸದ್ದಾಗುವ ಹಾಗೆ ಎಳೆದ. ಖಾರ, ಮೆಣಸು, ಕೆರೆಯ ಒಂದು ಸಣ್ಣ ಮಣ್ಣು ವಾಸನೆ ಒಟ್ಟಿಗೇ ಬಂತು. ಇಷ್ಟು ರುಚಿಯದ್ದನ್ನು ಇಷ್ಟು ವರ್ಷ ಬಿಟ್ಟಿದ್ದೆನಲ್ಲ ಅನ್ನಿಸಿತು. ಇನ್ನೊಂದು ತೆಗೆದ.

ಜಾನ್ಸಿ ಅವನು ಮಾಡಿದ ಹಾಗೇ ಮಾಡಿದಳು. ಈ ಸಲ ಬಂತು.

ಮೂರು ಗಂಟೆಗೆ ಅವನು ಅವಳನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದ. ಮೋಡವಿತ್ತು, ಬೀದಿಯಲ್ಲಿ ಹೆಚ್ಚು ಜನ ಇರಲಿಲ್ಲ. ನಾಲ್ಕು ತಿಂಗಳ ಬರವಣಿಗೆ ಹೋಯಿತು, ಅದರ ಸಿಟ್ಟು ಇನ್ನೂ ಇದೆ, ಇನ್ನೂ ಸ್ವಲ್ಪ ದಿನ ಇರುತ್ತೆ ಅಂತ ಅವಳು ಹೇಳಿದಳು. ಇರಲಿ ಅಂದ ಅವನು.

"ಇನ್ನೇನಾದ್ರೂ ಮುಚ್ಚಿಟ್ಟಿದೀರಾ?"

"ಒಂದಿದೆ."

"ಹೇಳಿ."

"ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ. ಆ ಮೊದಲನೇ ದಿನದಿಂದ."

ಜಾನ್ಸಿ ರಸ್ತೆ ಕಡೆ ನೋಡುತ್ತ, ಅದನ್ನು ಮುಚ್ಚಿಟ್ಟಿದ್ದು ಅನ್ನುವುದಕ್ಕಾಗಲ್ಲ, ಅದು ರಾಮಸ್ವಾಮಿ ಸರ್‌ಗೂ ಗೊತ್ತು ಅಂದಳು. ಆಮೇಲೆ ಅವನ ಕಡೆ ತಿರುಗಿದಳು.

"ಇವತ್ತು ನೀವು ನನ್ನೆದುರು ತಿನ್ನದೇ ಇದ್ದಿದ್ರೆ ನೋಟ್ಸ್ ತಗೊಂಡು, ಥ್ಯಾಂಕ್ಸ್ ಹೇಳಿ ಹೊರಟುಬಿಡ್ತಿದ್ದೆ. ಆಮೇಲೆ ಮನೇಲಿ ಕೂತು ಅಳ್ತಿದ್ದೆ. ನಂಗೂ ನೀವು ಬೇಕು ಕಣ್ರೀ."

ಅವಳೇ ಮುಂದುವರಿಸಿ, ಮುಂದಿನ ಭಾನುವಾರ ನಮ್ಮ ಮನೆಗೆ ಬನ್ನಿ, ಅಪ್ಪ ಏನು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳಿ, ಬೇಡ ಅಂತ ಅಂದರೂ ಅನ್ನಬಹುದು, ಆಗ ನಾನಿದ್ದೀನಿ ಅಂದಳು. ಅವನು ತಲೆಯಾಡಿಸಿದ.

ಬಸ್ಸು ಬಂತು. ಅವಳು ಹತ್ತಿ ಕಿಟಕಿ ಪಕ್ಕ ಕೂತಳು. ಕೂತವಳು ಬಲಗೈ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿಕೊಂಡಳು. ಎರಡು ಸಲ ಸೋಪು ಹಾಕಿ ತೊಳೆದರೂ ಮಸಾಲೆ ಹೋಗಿರಲಿಲ್ಲ. ಅವನು ನೋಡುತ್ತಿರುವುದು ಕಂಡು, ಬೇಕಂತಲೇ ಇನ್ನೊಂದು ಸಲ ಮೂಸಿದಳು.